ಅಸುಂತಾಗೆ ವೈರ ಮಾಡಲು ಬರುವುದಿಲ್ಲ

ಅಗರಖೇಡ, ತಾ. ಇಂಡಿ
೧೨ ಜುಲೈ ೨೦೨೪

ರಾಜೇಶ್ವರಿಗೆ,

ಆಶೀರ್ವಾದ ಕೊನೆಗೆ ಬರೆಯುತ್ತೇನೆ, ಕಾಗದದಲ್ಲಿ ಜಾಗ ಉಳಿದರೆ.

ನಿನ್ನ ಜೊತೆ ಮಾತು ಬಿಟ್ಟಿದ್ದೇನೆ. ಬಿಟ್ಟದ್ದು ಬಿಟ್ಟದ್ದೇ. ಕಾಗದ ಮಾತಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಇದನ್ನು ಓದಿ ಸಂಜೀವನಿಗೆ ಫೋನ್ ಹಚ್ಚಿ 'ಅವ್ವನ ಕೈಗೆ ಕೊಡು' ಅನ್ನಬೇಡ. ಕೊಟ್ಟರೂ ನಾನು ಕಿವಿಗೆ ಹಿಡಿಯುವುದಿಲ್ಲ.

ನಿನ್ನ ತಮ್ಮ ಹೋದ ತಿಂಗಳಿಂದ ಇಟಲಿ ದೇಶದ ಒಂದು ಧಾರಾವಾಹಿ ಹಚ್ಚಿಕೊಂಡು ಕೂತಿದ್ದಾನೆ. ಮೊದಲನೇ ಕಂತು ಮುಗಿದಾಗ ಟಿವಿ ನಿಲ್ಲಿಸಿ, "ಅವ್ವಾ, ಇಲ್ಲಿ ನೋಡ, ಅಕ್ಕನ ಹೆಸರು" ಎಂದ. 'ಕನ್ನಡ ಸಂಭಾಷಣೆ: ರಾಜೇಶ್ವರಿ.' ಅಪ್ಪನ ಹೆಸರಿಲ್ಲ, ಮನೆತನದ ಹೆಸರಿಲ್ಲ. ಇರುವೆಯಷ್ಟು ಅಕ್ಷರ. ಮುಂಬಯಿಯಲ್ಲಿ ಕೂತು ನೀನು ಮಾಡುವ ಕೆಲಸ ಏನೆಂದು ನನಗೆ ತಿಳಿದದ್ದು ಹೀಗೆ. ಪರದೇಶದ ಕೊಲೆಗಡುಕರ ಬಾಯಿಗೆ ಕನ್ನಡ ತುರುಕುವ ಕೆಲಸ.

ಹೆಸರು ನೋಡಿದ ಮೇಲೆ ಉಳಿದದ್ದನ್ನೂ ನೋಡಿದೆ. ಮೆಚ್ಚಿ ನೋಡಿದೆ ಎಂದು ತಿಳಿಯಬೇಡ.

ಸಮುದ್ರದ ದಂಡೆಯ ಒಂದು ಊರು, ಎರಡು ಮನೆತನ. ಊರಿನ ಕಸ ಎತ್ತುವ ಗುತ್ತಿಗೆ ಯಾರದು ಎಂದು ಜಗಳ. ನಮ್ಮ ಕಡೆ ಹೊಲಕ್ಕೆ ಹೊಡೆದಾಡಿದ್ದಾರೆ, ನೀರಿಗೆ ಹೊಡೆದಾಡಿದ್ದಾರೆ, ಮರ್ಯಾದೆಗೆ ಹೊಡೆದಾಡಿದ್ದಾರೆ. ಕಸಕ್ಕೆ ಹೊಡೆದಾಡುವವರನ್ನು ನಾನು ಈಗಲೇ ನೋಡಿದ್ದು. ಎದುರಾದರೆ ಗಂಡಸರು ಗಂಡಸರ ಗಲ್ಲಕ್ಕೆ ಮುತ್ತು ಕೊಡುತ್ತಾರೆ. ಆ ಎಂಜಲು ಆರುವ ಮೊದಲೇ ಗುಂಡು ಹಾರುತ್ತದೆ. ಗೋಡೆಗೆ ದೇವರ ಪಟ, ಪಟದ ಹಿಂದೆ ಬಂದೂಕು. ಹಿರಿಯ ಮಗನ ಹೆಸರು ರೊಕ್ಕೊ. ಹೆಸರಿನಲ್ಲಿ ರೊಕ್ಕ ಇದೆ. ಅದನ್ನು ದುಡಿದು ತಂದದ್ದು ಮಾತ್ರ ಒಂದು ಕಂತಿನಲ್ಲೂ ಕಾಣಲಿಲ್ಲ. ಊಟಕ್ಕೆ ಮೂರು ಹೊತ್ತೂ ಶ್ಯಾವಿಗೆ. ಹಾಲಿಲ್ಲ, ಬೆಲ್ಲವಿಲ್ಲ, ಮೇಲೆ ಕೆಂಪು ಗೊಜ್ಜು ಸುರಿದುಕೊಂಡು ಮುಳ್ಳುಚಮಚಕ್ಕೆ ಸುತ್ತಿ ತಿನ್ನುತ್ತಾರೆ.

ಇವರ ತಾಯಿ ಅಸುಂತಾ. ನನ್ನ ವಾರಿಗೆಯವಳಿರಬೇಕು. ಆ ಹೆಂಗಸು ಮಾಡಿದ್ದು ಒಂದೇ ಕೆಲಸ, ಒಲೆಯ ಮುಂದೆ ನಿಂತು ಗೊಜ್ಜು ತಿರುವುವುದು. ಮಗ ರಕ್ತದ ಅಂಗಿಯಲ್ಲಿ ಒಳಗೆ ಬಂದರೂ ತಿರುವುತ್ತಾಳೆ. ಬಾಯಿ ಬಿಡುವುದಿಲ್ಲ. ಅವಳನ್ನು ತಾಯಿ ಎಂದು ಯಾಕೆ ಕರೆಯಬೇಕು? ಸೌಟು ಅನ್ನಬಹುದು.

ನಾನು ಕಾಗದ ಹಿಡಿದದ್ದು ಇದಕ್ಕಲ್ಲ. ನಿಶ್ಚಯದ ಊಟ ಎಂದು ಒಂದು ಕಂತು ಬಂತು. ವೈರಿ ಮನೆಯ ಹಿರಿಯನನ್ನು ಕರೆದು, ಪಕ್ಕದಲ್ಲಿ ಕೂರಿಸಿ, ದೊಡ್ಡ ಮೀನು ಬಡಿಸಿ, ಅವನು ಉಂಡು ಕೈ ತೊಳೆಯಲು ಎದ್ದಾಗ ರೊಕ್ಕೊ ಹಿಂದಿನಿಂದ ಮುಗಿಸಿದ. ಅವನ ಕೈಯ ನೀರು ಆರಿರಲಿಲ್ಲ. ಇದನ್ನು ಅವರು ಶೌರ್ಯ ಎಂದು ತೋರಿಸುತ್ತಾರೆ. ರಾಜೇಶ್ವರಿ, ಈ ಜನಕ್ಕೆ ವೈರ ಮಾಡಲು ಬರುವುದಿಲ್ಲ. ವೈರಿಯ ಜೊತೆ ಉಣ್ಣುವುದುಂಟೇ? ಉಂಡ ಮೇಲೆ ಅವನು ವೈರಿ ಹೇಗೆ?

ನೀನು ಮರೆತಿರಬಹುದು, ಬರೆಯುತ್ತೇನೆ. ನಿಮ್ಮಪ್ಪ ತೀರಿಕೊಂಡ ದಿನ ಅವರ ತಮ್ಮ ಬಸಂತರಾಯ, ಪಾಲಿನಲ್ಲಿ ಹಾದಿ ತನಗೆ ಬಂದಿದೆ ಎಂದು ತೋಟದ ಹಾದಿಗೆ ಮುಳ್ಳುತಂತಿ ಬಿಗಿದಿದ್ದ. ಬಿಚ್ಚಲಿಲ್ಲ. ಹಿರಿಯರ ಪಕ್ಕದಲ್ಲಿ ಮಣ್ಣು ಮಾಡಲು ನಿಮ್ಮಪ್ಪನ ಹೆಣವನ್ನು ಡಾಂಬರು ರಸ್ತೆಯಿಂದ ಸುತ್ತುಹಾಕಿ ಒಯ್ದರು. ಅಂದಿನಿಂದ ಆ ಮನೆಯ ನೀರು ನಮಗೆ ನಿಷೇಧ. ಮನೆಯ ಯಜಮಾನಿ ಒಂದು ತುತ್ತು ಉಂಡರೂ ವೈರ ಮುಗಿಯಿತು. ಆಮೇಲೆ ಈ ಮನೆಯ ಗಂಡಸು ಆ ಮನೆಯವರ ಮೇಲೆ ಕೈ ಎತ್ತಿದರೆ ಅವಳು ಉಂಡ ಅನ್ನಕ್ಕೇ ಎತ್ತಿದ ಹಾಗೆ. ಅದಕ್ಕೇ ನಾನು ಉಂಡಿಲ್ಲ. ಕಟ್ಟಿಗೆ ಸೀಳುವವರೂ ಬಲ್ಲ ಈ ಮಾತು ಇಟಲಿಯ ದೊಡ್ಡ ಮನೆತನಗಳಿಗೆ ಗೊತ್ತಿಲ್ಲ.

ತಿದ್ದಲು ಬಂದರೆ ತಿದ್ದು.

ಜಾಗ ಉಳಿಯಲಿಲ್ಲ.
ಇಂದ್ರಾಬಾಯಿ

*

ಮಲಾಡ, ಮುಂಬಯಿ
೨೯ ಜುಲೈ ೨೦೨೪

ಅವ್ವನಿಗೆ ರಾಜೇಶ್ವರಿಯ ಶರಣು.

ನಿನ್ನ ಅಕ್ಷರ ನೋಡಿ ಎಷ್ಟು ವರ್ಷವಾಯಿತು. ಲಕೋಟೆ ಒಡೆಯದೆ ಒಂದು ಇಡೀ ದಿನ ಇಟ್ಟುಕೊಂಡಿದ್ದೆ.

ತಿದ್ದಲು ನನ್ನಿಂದಾಗದು. ಚಿತ್ರ ಅವರದು, ಮಾತು ಮಾತ್ರ ನನ್ನದು. ಅದೂ ಅವರ ತುಟಿ ಎಷ್ಟು ಹೊತ್ತು ಆಡುತ್ತದೋ ಅಷ್ಟೇ ಉದ್ದ ಇರಬೇಕು. ಮೀನು ಬಡಿಸಿ ಕೊಲ್ಲುವವರಿಗೆ ನಾನು ಏನು ಬರೆದುಕೊಟ್ಟರೂ ಅವರು ಕೊಂದೇ ಕೊಲ್ಲುತ್ತಾರೆ.

ನೀನು ಅಸುಂತಾಳನ್ನು ಸೌಟು ಅಂದದ್ದು ಓದಿ ನಕ್ಕೆ. ಮುಂದಿನ ಭಾಗದಲ್ಲಿ ಅವಳು ಬಾಯಿ ಬಿಡುತ್ತಾಳೆ, ಅವ್ವ. ಎರಡನೇ ಭಾಗ ಬರೆದು ಮುಗಿಸಿದ್ದೇನೆ. ಅವಳಿಗೆ ಮಾತು ಕೊಡಲು ಕೂತಾಗ ಎಷ್ಟು ಯೋಚಿಸಿದರೂ ಒಂದೇ ಧ್ವನಿ ಬಂತು. ಧ್ವನಿ ಕೊಡುವ ಧಾರವಾಡದ ಹಿರಿಯ ಕಲಾವಿದೆ ಕೇಳಿದರು, "ಯಾರ್ರೀ ಈ ಹೆಣಮಗಳು? ನಾಲ್ಕು ಮಾತಿನ್ಯಾಗ ಎದಿ ಸೀಳತಾಳಲ್ಲ?" ನಾನು "ಅಗರಖೇಡದಾಕಿ" ಎಂದೆ.

ಬಸಂತರಾಯ ಕಾಕಾನ ಮನೆಯಲ್ಲಿ, ಬಾಳಮ್ಮ ಕಕ್ಕಿಯ ಮಗಳ ಮದುವೆಯಲ್ಲಿ ನಾನು ಉಂಡದ್ದು ಒಂದು ಹೋಳಿಗೆ. ಆ ಹುಡುಗಿ ನನ್ನ ಜೊತೆ ಆಡಿ ಬೆಳೆದವಳು. ಅದಕ್ಕೆ ನೀನು ಮಾತು ಬಿಟ್ಟೆ. ಆಮೇಲೆ ಒಂದು ಸಲ ಬಂದಾಗ ಅಡುಗೆಮನೆಯ ಹೊಸ್ತಿಲು ದಾಟಬೇಡ ಎಂದು ಪಡಸಾಲೆಯಲ್ಲಿ ತಾಟು ಹಾಕಿಸಿದೆ, ಬೀಗರಿಗೆ ಹಾಕುವ ಹಾಗೆ. ನೀನು ಒಳಗೆ ಬೆನ್ನು ಮಾಡಿ ಕೂತಿದ್ದೆ. ಅದಾದ ಮೇಲೆ ನಾನು ಬಂದಿಲ್ಲ. ಇದನ್ನು ದೂರೆಂದು ಬರೆದಿಲ್ಲ. ನೀನು 'ಮರೆತಿರಬಹುದು' ಅಂದೆ, ಅದಕ್ಕೆ ಬರೆದೆ.

ಸಂಜು ಹೇಗಿದ್ದಾನೆ?

ನಿನ್ನ ಮಗಳು,
ರಾಜೇಶ್ವರಿ

*

ಅಗರಖೇಡ
೨೦ ಸೆಪ್ಟೆಂಬರ್ ೨೦೨೪

ರಾಜೇಶ್ವರಿಗೆ,

ಎರಡನೇ ಭಾಗ ಶುರುವಾಯಿತು. ನಾಚಿಕೆ ಬರಲಿಲ್ಲವೇ ನಿನಗೆ?

ನಾನು ಇಂಡಿ ಹೈಸ್ಕೂಲಿನಲ್ಲಿ ಓದಿದವಳು. ನನ್ನ ಮಾತನ್ನು ಹೆಡ್‌ಮಾಸ್ತರರು ಕೂಡ ಸುಮ್ಮನೆ ಕೇಳುತ್ತಿದ್ದರು. ಆ ಮಾತನ್ನು ಒಯ್ದು, ತಲೆಗೂದಲು ಕತ್ತರಿಸಿಕೊಂಡು, ಮೊಣಕಾಲು ಕಾಣುವ ಲಂಗ ತೊಟ್ಟು, ಊಟದ ಮಧ್ಯೆ ಸೆರೆ ಕುಡಿಯುವ ಹೆಂಗಸಿನ ಬಾಯಲ್ಲಿ ಇಟ್ಟಿದ್ದೀ. ಅವಳು ತಂಗಿಯ ಗಂಡನಿಗೆ, "ಹಸಿವಾದಾಗ ಈ ಮನಿ ನೆನಪಾಗತೈತಿ, ಹೆಸರು ಕೆಟ್ಟಾಗ ಯಾಕ ಆಗಲಿಲ್ಲ?" ಎಂದಳು. ಅದು ನಾನು ನನ್ನ ಅಣ್ಣನಿಗೆ ಅಂದ ಮಾತು. ಅದೇ ತಿರುವು, ಅದೇ ನಿಲುಗಡೆ. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು, ನಗಲು.

ಮರುದಿನ ಲಿಂಬೆ ಆರಿಸಲು ಬಂದ ಜನ್ನತಬಿ ಬುಟ್ಟಿ ಇಳಿಸುವ ಮೊದಲೇ, "ಅಕ್ಕಾರ, ಟೀವ್ಯಾಗಿನ ಮುದುಕಿ ನಿಮ್ಮಂಗ ಬೈತಾಳಂತಲ್ರಿ? ನನ್ನ ಮೊಮ್ಮಗಳು ನೋಡಿ ಹೇಳಿದ್ಲು. ನಿಮ್ಮನ್ನ ಇಟಲಿಗೆ ಯಾವಾಗ ಕರಕೊಂಡ ಹೋಗಿದ್ರು?" ಎಂದಳು.

"ಕಾಯಿ ಆರಿಸ. ಬಾಯಿ ಆರಸಬ್ಯಾಡ" ಎಂದೆ. ಅಂಗಳದ ಹೆಂಗಸರೆಲ್ಲ ತಲೆ ತಗ್ಗಿಸಿ ನಕ್ಕರು. ಇಷ್ಟು ವರ್ಷ ನನ್ನ ಎದುರು ನಗದವರು.

ನಿನ್ನ ತಮ್ಮನ ಸಮಾಚಾರ ಕೇಳಿದ್ದೀ. ಹೇಳುತ್ತೇನೆ, ನೀನೂ ನಗು. ಕರಿ ಅಂಗಿ ತೊಡುತ್ತಾನೆ. ಇಂಡಿಯ ಬಿಸಿಲಿನಲ್ಲಿ ಕರಿ ಅಂಗಿ! ಬೆವರಿ ಬೆನ್ನಮೇಲೆ ಉಪ್ಪಿನ ನಕ್ಷೆ ಮೂಡಿರುತ್ತದೆ. ಮೇಲೊಂದು ಕರಿ ಕನ್ನಡಕ. ಲಿಂಬೆ ಮಾರ್ಕೆಟ್ಟಿನಲ್ಲಿ ಒಂದು ಖುರ್ಚಿ ಹಾಕಿಸಿಕೊಂಡು ಕೂರುತ್ತಾನೆ. ಮೊದಲು ಚೀಲದ ಮೇಲೆ ಕೂತು ಹರಾಜಿನ ಸವಾಲು ಕೂಗುತ್ತಿದ್ದವನು, ಈಗ ಬೆರಳು ಎತ್ತುತ್ತಾನಂತೆ. ಅಡತಿ ಅಂಗಡಿಯ ಚಮನಸಾಬ, ನಿಮ್ಮಪ್ಪನ ಸ್ನೇಹಿತರು, ಬಂದು ಹೇಳಿದರು: "ವೈನಿ, ಸಂಜೂ ಬೆರಳ ಎತ್ತಿದ್ದು ಯಾರಿಗೂ ಕಾಣಲಿಲ್ರಿ, ಮಾಲು ಇನ್ನೊಬ್ಬಾಂವ ಹೊಡಕೊಂಡ ಹೋದ." ಕೈಗೆ ದಪ್ಪ ಉಂಗುರ. ಅದಕ್ಕೆ ಮುತ್ತು ಕೊಡುವವರು ಯಾರೂ ಸಿಕ್ಕಿಲ್ಲ. ಹಿಂದೆ ಇಬ್ಬರು ತಿರುಗುತ್ತಾರೆ, ಅವರಿಗೂ ಕರಿ ಅಂಗಿ. ಮೂವರೂ ಚಹಾದಂಗಡಿಯ ಮುಂದೆ ನಿಂತರೆ ಕಾಗೆ ಕೂತ ಹಾಗೆ ಕಾಣುತ್ತದೆ.

ಎಲ್ಲಕ್ಕಿಂತ ಹೇಸಿಗೆ ಅವನ ದನಿ. ನಮ್ಮ ಮನೆಯಲ್ಲಿ ಪಿಸುಗುಟ್ಟಿದವರಿಲ್ಲ. ಹೊಲದ ಆ ತುದಿಗೆ ಕೇಳುವಂತೆ ಮಾತಾಡಿದ ಜನ ನಾವು. ಇವನು ಈಗ ರೊಕ್ಕೊನ ಹಾಗೆ ಮೆಲ್ಲಗೆ, ಗಂಟಲಿನಲ್ಲಿ ಮಾತಾಡುತ್ತಾನೆ. "ಉಪ್ಪ ಕೊಡ" ಅನ್ನಲೂ ಯಾರನ್ನೋ ಕೊಲ್ಲಲು ಹೇಳಿದ ಹಾಗೆ.

ಇನ್ನೊಂದು. ಬಸಂತರಾಯನ ಮಗ ಸಿದರಾಯ ಪೈಪು ಹಾಕುವ ನೆಪದಲ್ಲಿ ಹಳೆಯ ಮುಳ್ಳುತಂತಿ ಕಿತ್ತು, ತೋಟದ ಹಾದಿಗೆ ಅಡ್ಡ ಜೆಸಿಬಿಯಿಂದ ಕಂದಕ ತೋಡಿಸಿದ್ದಾನೆ. ನಿಮ್ಮಪ್ಪನ ಪುಣ್ಯತಿಥಿಗೆ ಗದ್ದುಗೆಗೆ ಹೂವು ಇಡಲು ಈ ಸಲವೂ ರಸ್ತೆ ಸುತ್ತಿ ಹೋದೆವು. ಸಂಜೀವ ಕಂದಕದ ದಂಡೆಯಲ್ಲಿ ನಿಂತು, ಆ ಮೆಲ್ಲನೆಯ ದನಿಯಲ್ಲಿ "ನೋಡ್ಕೋತೇನಿ" ಎಂದ.

ಏನು ನೋಡಿಕೊಳ್ಳುತ್ತಾನೆ? ಬೆರಳು ಎತ್ತಿದರೆ ಕಾಣದವನು.

ಇಂದ್ರಾಬಾಯಿ

*

ಮುಂಬಯಿ
೨ ಅಕ್ಟೋಬರ್ ೨೦೨೪

ಅವ್ವನಿಗೆ ಶರಣು.

ನನಗೆ ನಗು ಬರಲಿಲ್ಲ.

ಮೊನ್ನೆ ಸಂಜು ಫೋನ್ ಮಾಡಿದ್ದ. "ಅಕ್ಕಾ, ರೊಕ್ಕೊ ಆ ಮನಿ ಸಣ್ಣ ಮಗನ್ನ ಹೊಡಿತಾನೋ, ಬಿಡತಾನೋ?" ಎಂದು ಕೇಳಿದ.

"ಯಾಕ ಕೇಳತಿ?"

"ಸುಮ್ನ. ಅವರವ್ವ ಏನಂತಾಳ ಅದಕ್ಕ?"

ಅವನಿಗೆ ರೊಕ್ಕೊ ಏನು ಮಾಡುತ್ತಾನೆ ಎಂಬುದು ಬೇಕಿರಲಿಲ್ಲ. ಅವರವ್ವ ಏನು ಅನ್ನುತ್ತಾಳೆ ಎಂಬುದು ಬೇಕಿತ್ತು.

ಮುಂದಿನ ಕಂತೊಂದರಲ್ಲಿ ಅಸುಂತಾ ಊಟ ಬಡಿಸುತ್ತ ಮಗನಿಗೆ, "ನಿಮ್ಮಪ್ಪನ ಹೆಣ ಸುತ್ತ ಹೊಡದು ಹೋತು. ನಾ ಮರತಿಲ್ಲ. ನೀ ಮರತಿದ್ರ ಉಂಡ ಮಲಗ" ಅನ್ನುತ್ತಾಳೆ. ಇಟಾಲಿಯನ್ನಿನಲ್ಲಿ ಇದ್ದದ್ದು ಬೇರೆಯೇ. ಅವಳ ತುಟಿಯ ಅಳತೆಗೆ ಇದು ಕೂತಿತು, ನಾನು ಬರೆದೆ. ಇದು ನೀನು ಸಂಜು ಸಾಲಿಗೆ ಹೋಗುತ್ತಿದ್ದಾಗಿನಿಂದ ಅವನ ತಾಟಿನ ಮುಂದೆ ಆಡುತ್ತ ಬಂದ ಮಾತು. ಧಾರಾವಾಹಿಯಲ್ಲಿ ರೊಕ್ಕೊ ಅದನ್ನು ಕೇಳಿ ಉಣ್ಣದೆ ಎದ್ದು ಹೋಗುತ್ತಾನೆ.

ಅವನು ರೊಕ್ಕೊನನ್ನು ನೋಡಿ ಕಲಿಯುತ್ತಿದ್ದಾನೆ ಎಂದು ನೀನು ತಿಳಿದಿದ್ದೀ. ಅಂಗಿ, ಕನ್ನಡಕ ಅಲ್ಲಿಂದ ಬಂದಿರಬಹುದು. ಉಳಿದದ್ದು ಅಲ್ಲಿಂದ ಬಂದದ್ದಲ್ಲ, ಅವ್ವ.

ಆ ಕಂತು ಬರುವ ಮೊದಲು ಅವನಿಗೆ ಏನಾದರೂ ಹೇಳು. ನೀನು ಹೇಳಿದರೆ ಕೇಳುತ್ತಾನೆ.

ರಾಜೇಶ್ವರಿ

*

ಅಗರಖೇಡ
೨೫ ನವೆಂಬರ್ ೨೦೨೪

ರಾಜೇಶ್ವರಿಗೆ,

ನನಗೆ ಬುದ್ಧಿ ಹೇಳುವಷ್ಟು ದೊಡ್ಡವಳಾದೆ. ಸಂತೋಷ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಆ ಕಂತು ಬಂತು, ಹೋಯಿತು. ಸಂಜೀವ ಅದನ್ನು ಮತ್ತೆ ಮತ್ತೆ ಹಚ್ಚಿ ನೋಡಿದ. ನಾನು ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಿದ್ದೆ. ನನ್ನ ಮಾತು ನನ್ನ ಕಿವಿಗೆ ಬಿತ್ತು, ಅಷ್ಟು ಸಲ. ಆ ಕಲಾವಿದೆ ಸುಮಾರಾಗಿ ಹೇಳುತ್ತಾಳೆ. 'ಮಲಗ' ಅನ್ನುವಲ್ಲಿ ಇನ್ನೂ ಒತ್ತಬೇಕಿತ್ತು.

ಹೋದ ವಾರ ಜೋಳ ಅಳೆಯಲು ಕಣಜಕ್ಕೆ ಕೈ ಹಾಕಿದಾಗ ಟವೆಲಿನಲ್ಲಿ ಸುತ್ತಿದ ಗಟ್ಟಿ ವಸ್ತು ತಾಗಿತು. ಬಿಚ್ಚಿ ನೋಡಿದೆ. ಪಿಸ್ತೂಲು. ಸಿಂದಗಿ ಕಡೆಯ ಯಾರಿಂದಲೋ ತಂದನಂತೆ, ಅವನ ಹಿಂದೆ ತಿರುಗುವ ಕಾಗೆಗಳಲ್ಲಿ ಒಂದು ಸೊಸೆಯ ಮುಂದೆ ಬಾಯಿಬಿಟ್ಟಿತು. ಕೊಲೆ ಮಾಡಲು ಹೊರಟವನು ಪಿಸ್ತೂಲನ್ನು ಜೋಳದಲ್ಲಿ ಇಡುತ್ತಾನೆ. ಈ ಮನೆಯಲ್ಲಿ ಜೋಳ ಅಳೆಯುವವಳು ಯಾರು ಎಂಬುದೂ ಅವನ ತಲೆಗೆ ಹೊಳೆಯಲಿಲ್ಲ. ಇಟಲಿಯವರಾದರೂ ಪಟದ ಹಿಂದೆ ಇಡುತ್ತಾರೆ.

ಮತ್ತೆ ಸುತ್ತಿ ಅಲ್ಲಿಯೇ ಇಟ್ಟೆ. ಜೋಳವನ್ನು ಆ ಕಡೆಯಿಂದ ಅಳೆದುಕೊಂಡೆ.

ಊಟಕ್ಕೆ ಕೂತಾಗ ಕೇಳಿದೆ. "ಕಣಜದಾಗ ಏನ ಇಟ್ಟಿ?"

ತಲೆ ಎತ್ತಲಿಲ್ಲ. "ಎಳ್ಳಮಾಸಿ ದಿನ ಸಿದರಾಯ ಚರಗ ಚೆಲ್ಲಾಕ ಒಬ್ಬನ ಹೊಲದಾಗ ತಿರಗತಾನ, ಅವ್ವ. ಕಂದಕದ ತನಕ ಬರತಾನ."

"ಬಂದ್ರ?"

"ನೀ ಒಂದ ಮಾತ ಹೇಳ. ಸಾಕು."

ಸೊಸೆಯ ಕೈಯ ರೊಟ್ಟಿ ಹಂಚಿನ ಮೇಲೆ ಸೀದು ಹೋಯಿತು. ಅವಳು ನನ್ನ ಮುಖ ನೋಡುತ್ತಿದ್ದಳು. ಅವನೂ ನೋಡುತ್ತಿದ್ದ, ಕನ್ನಡಕ ತೆಗೆದು. ಚಿಕ್ಕವನಿದ್ದಾಗ ಪರೀಕ್ಷೆಯ ಅಂಕ ತೋರಿಸಿ ನಿಲ್ಲುತ್ತಿದ್ದನಲ್ಲ, ಹಾಗೆ.

ನಾನು ಏನೂ ಹೇಳಲಿಲ್ಲ. ಹೊಡಿ ಎಂದೂ ಅನ್ನಲಿಲ್ಲ, ಬಿಡು ಎಂದೂ ಅನ್ನಲಿಲ್ಲ. ನಿಮ್ಮಪ್ಪನ ಹಾದಿಗೆ ಕಂದಕ ತೋಡಿದವನ ಪರವಾಗಿ ನನ್ನ ಬಾಯಿಂದ ಮಾತು ಬರುವುದಿಲ್ಲ. ಅನ್ನದ ಮೇಲೆ ಸಾರು ಹಾಕಿದೆ. ಅವನು ಉಂಡು ಎದ್ದು ಹೋದ.

ಸುಮ್ಮನಿದ್ದೇನೆ. ಇದರಲ್ಲಿ ನನ್ನ ಪಾಲು ಏನೂ ಇಲ್ಲ.

ಇಂದ್ರಾಬಾಯಿ

*

ಮುಂಬಯಿ
೫ ಡಿಸೆಂಬರ್ ೨೦೨೪

ಅವ್ವ,

ಮೊದಲನೇ ಭಾಗದ ಅಸುಂತಾ ನೆನಪಿದೆಯೇ? ನೀನು ಸೌಟು ಎಂದು ನಕ್ಕವಳು. ಅವಳು ಒಂದು ಸಲವೂ 'ಕೊಲ್ಲು' ಎಂದಿಲ್ಲ. ನಾನು ಎಲ್ಲ ಕಂತುಗಳನ್ನೂ ಸಾಲು ಸಾಲಾಗಿ ಬರೆದವಳು, ನನಗೆ ಗೊತ್ತು. ಮಗ ಅವಳ ಮುಖ ನೋಡುತ್ತಾನೆ. ಅವಳು ಗೊಜ್ಜು ಬಡಿಸುತ್ತಾಳೆ. ಅವನು ಉಂಡು ಎದ್ದು ಹೋಗುತ್ತಾನೆ.

ಆ ಮನೆಯಲ್ಲಿ ಅಪ್ಪಣೆ ಎಂದರೆ ಅದೇ.

ಸಂಜು ನನ್ನ ಫೋನ್ ತೆಗೆಯುತ್ತಿಲ್ಲ. ನಾನು ಬರಲೇ? ಹೊಸ್ತಿಲ ಹೊರಗೆ ನಿಲ್ಲಿಸಿದರೂ ನಿಲ್ಲುತ್ತೇನೆ. ಆದರೆ ನಾನು ಬಂದು ಏನು ಹೇಳಿದರೂ ಅವನು ಕೇಳಲಾರ. ಅವನು ಕಾಯುತ್ತಿರುವುದು ನನ್ನ ಮಾತಿಗಲ್ಲ.

ಸುಮ್ಮನಿರಬೇಡ, ಅವ್ವ. ಬೈಯಲಾದರೂ ಬೈ.

ರಾಜಿ

*

ಅಗರಖೇಡ
೩ ಜನವರಿ ೨೦೨೫

ರಾಜೇಶ್ವರಿಗೆ,

ನಿನ್ನ ಕಾಗದ ಬಂದ ಮೇಲೆ ಮೊದಲನೇ ಭಾಗವನ್ನು ಇನ್ನೊಮ್ಮೆ ಹಚ್ಚಿಸಿ ನೋಡಿದೆ. ಆ ಹೆಂಗಸಿನ ಕೈಯನ್ನು ಮಾತ್ರ ನೋಡಿದೆ. ಎರಡು ಕಂತಿನ ಮೇಲೆ ನೋಡಲಾಗಲಿಲ್ಲ. ಟಿವಿ ಆರಿಸಿ ಎದ್ದೆ. ಅದರ ಬಗ್ಗೆ ಇಷ್ಟು ಸಾಕು.

ಎಳ್ಳಮಾವಾಸ್ಯೆ ಮೊನ್ನೆ ಆಯಿತು. ಬುತ್ತಿ ಕಟ್ಟಿಕೊಂಡು ಎಲ್ಲರೂ ತೋಟಕ್ಕೆ ಹೋದೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಎಲ್ಲ ನಾನೇ ಮುಂದೆ ನಿಂತು ಮಾಡಿಸಿದ್ದೆ. ಚಮನಸಾಬರೂ ಪ್ರತಿ ವರ್ಷದಂತೆ ನಮ್ಮ ಜೊತೆ ಇದ್ದರು. ಲಿಂಬೆ ಗಿಡದ ಕೆಳಗೆ ಜಮಖಾನೆ ಹಾಸಿ ಕೂತೆವು. ಕಂದಕದ ಆ ಕಡೆ ಬಸಂತರಾಯನ ಮನೆಯವರೂ ಕೂತಿದ್ದರು. ಇಷ್ಟು ವರ್ಷ ಹೀಗೆಯೇ. ಅವರ ಒಗ್ಗರಣೆಯ ವಾಸನೆ ನಮಗೆ ಬರುತ್ತದೆ, ನಮ್ಮದು ಅವರಿಗೆ ಹೋಗುತ್ತದೆ, ಯಾರೂ ಯಾರನ್ನೂ ನೋಡುವುದಿಲ್ಲ.

ಸಂಜೀವ ಉಣ್ಣಲು ಕೂರಲಿಲ್ಲ. ಕರಿ ಅಂಗಿ, ಕರಿ ಕನ್ನಡಕ, ಅಂಗಿಯ ಕೆಳಗೆ ಸೊಂಟ ಉಬ್ಬಿತ್ತು. ಬೆಳಿಗ್ಗೆ ಜೋಳ ಅಳೆಯುವಾಗ ಕಣಜದಲ್ಲಿ ಆ ಟವೆಲಿನ ಗಂಟು ಇರಲಿಲ್ಲ, ನನಗೆ ತಿಳಿದಿತ್ತು. ಆ ಕಡೆ ಸಿದರಾಯ ಚರಗದ ಬುಟ್ಟಿ ಹಿಡಿದು ಎದ್ದ. ಬದುವಿನ ಗುಂಟ ಭೂಮಿಗೆ ಅನ್ನ ಚೆಲ್ಲುತ್ತ, ಕೂಗುತ್ತ ಕಂದಕದ ಕಡೆ ಬರತೊಡಗಿದ. ಅವನ ಕೂಗು ಅವರಪ್ಪನ ಕೂಗಿನ ಹಾಗೆಯೇ ಒಡಕು. ಸಂಜೀವ ಗಿಡದ ಮರೆಯಿಂದ ನಡೆದ. ಹೋಗುವ ಮುಂಚೆ ನನ್ನ ಕಡೆ ತಿರುಗಿ ನೋಡಿದ.

ನನ್ನ ಕೈಯಲ್ಲಿ ಪಲ್ಯದ ಸೌಟು ಇತ್ತು.

ಅದನ್ನು ಬುಟ್ಟಿಗೆ ಬಿಸಾಕಿ ಎದ್ದೆ. ಮಗನ ಹಿಂದೆ ಹೋಗಲಿಲ್ಲ. ನೇರ ಕಂದಕಕ್ಕೆ ಇಳಿದೆ. ಈ ವಯಸ್ಸಿನಲ್ಲಿ ಕಂದಕಕ್ಕೆ ಇಳಿದು ಹತ್ತುವುದು ಚಂದದ ನೋಟವಲ್ಲ. ಸೀರೆಗೆಲ್ಲ ಎರೆಮಣ್ಣು. ಆ ದಂಡೆಯಲ್ಲಿ ಬಾಳಮ್ಮ ಓಡಿಬಂದು ಕೈ ಚಾಚಿದಳು. ನಾನು ಹಿಡಿಯಲಿಲ್ಲ. ಹುಲ್ಲು ಹಿಡಿದು ಹತ್ತಿದೆ. ಹೋಗಿ ಅವರ ಜಮಖಾನೆಯ ನಡುವೆ ಕೂತೆ.

"ಬಾಳಮ್ಮ, ನೀರ ಕೊಡ."

ಅವಳು ಚೆಂಬಿಗೆ ಕೈ ಹಾಕಿ ನಿಂತಳು. "ಅಕ್ಕಾ... ನಮ್ಮ ನೀರಾ?"

"ಮತ್ತ ಇಟಲಿಯಿಂದ ತರಸ್ತಿ ಏನ? ಕೊಡ."

ಕುಡಿದೆ. ಬಸಂತರಾಯ ಹೊರಸಿನ ಮೇಲಿಂದ ಎದ್ದು ನಿಂತ, ರುಮಾಲು ಸರಿಮಾಡಿಕೊಂಡ, ಬಾಯಿ ತೆರೆದ. ಮಾತು ಹೊರಡಲಿಲ್ಲ. ಒಳ್ಳೆಯದಾಯಿತು. ಹೊರಟಿದ್ದರೆ ನಾನು ಎದ್ದು ಬರುತ್ತಿದ್ದೆ.

"ಬರೇ ನೀರಿಗೆ ಬಂದಿಲ್ಲ. ತಾಟ ಹಾಕ."

ಬಾಳಮ್ಮ ಬಡಿಸಿದಳು. ಬಡಿಸುತ್ತ ಅತ್ತಳು. ಪಲ್ಯದಲ್ಲಿ ಬೀಳುತ್ತದೆ, ಆ ಕಡೆ ತಿರುಗಿ ಅಳು ಎಂದೆ. ಒಂದು ತುತ್ತು ಬಾಯಿಗಿಟ್ಟು, ನುಂಗಿ, ಆಮೇಲೆ ಕೂಗಿದೆ. ನಮ್ಮ ಮನೆಯ ದನಿ ಇನ್ನೂ ಸತ್ತಿಲ್ಲ. ಕಂದಕದ ಎರಡೂ ಕಡೆ ಕೇಳಿತು.

"ಸಂಜ್ಯಾ! ಆ ಕರಿ ಕನ್ನಡಕ ತಗದ ಇಲ್ಲಿ ನೋಡ. ನಿಮ್ಮವ್ವ ಈ ಮನಿ ಅನ್ನ ಉಂಡಾಳ. ಈಗ ಎತ್ತತಿ ಏನ ಕೈ? ಎತ್ತ!"

ಅವನು ಗಿಡದ ಮರೆಯಿಂದ ಈಚೆ ಬಂದಿದ್ದ. ಸಿದರಾಯ ಬುಟ್ಟಿ ಹಿಡಿದು ಅವನ ಎದುರಿಗೆ ನಿಂತಿದ್ದ. ಇಬ್ಬರೂ ನನ್ನನ್ನು ನೋಡಿದರು. ಸಂಜೀವನ ಕೈ ಸೊಂಟದ ಮೇಲಿತ್ತು. ಸಿದರಾಯ ಆ ಕೈಯನ್ನು ನೋಡಿದ. ಆಗ ಅವನಿಗೆ ತಿಳಿಯಿತು ಎಂದು ಕಾಣುತ್ತದೆ, ಬುಟ್ಟಿ ಕೆಳಗೆ ಬಿತ್ತು.

"ಅವ್ವಾ, ಎಂಥಾ ಕೆಲಸ ಮಾಡಿದೇ!" ಎಂದು ಸಂಜೀವ ಕಿರುಚಿದ. ರೊಕ್ಕೊನ ದನಿಯಲ್ಲಿ ಅಲ್ಲ. ನಾನು ಹೆತ್ತ ಮಗನ ದನಿಯಲ್ಲಿ, ಇಡೀ ಅಗರಖೇಡಕ್ಕೆ ಕೇಳುವಂತೆ. ಬದುವಿನ ಮೇಲೆ ಕುಕ್ಕರಿಸಿ, ಮೊಣಕಾಲಿನಲ್ಲಿ ಮುಖ ಇಟ್ಟು ಅತ್ತ. ಚಮನಸಾಬರು ಹೋಗಿ ಅವನ ಪಕ್ಕದಲ್ಲಿ ಕೂತರು.

"ನೀನೂ ಕೇಳ, ಸಿದರಾಯ," ಎಂದೆ. "ನಿನ್ನ ಮ್ಯಾಲಿನ ಅಕ್ಕರತಿಗೆ ಉಂಡಿಲ್ಲ ನಾ. ನಿನ್ನ ಮಾರಿ ನೋಡಿದ್ರ ಹಸಿವು ಸಾಯತೈತಿ. ತಿಳೀತ?"

"ತಿಳೀತ್ರಿ, ದೊಡ್ಡವ್ವ," ಎಂದ.

ತಾಟು ಖಾಲಿ ಮಾಡಿಯೇ ಎದ್ದೆ. ರೊಟ್ಟಿ ದಪ್ಪ. ಎಣ್ಣೆಗಾಯಿಗೆ ಶೇಂಗಾ ಕಡಿಮೆ, ಉಪ್ಪು ಇನ್ನೂ ಕಡಿಮೆ. ಇಂಥ ಕೈಯ ಅಡುಗೆಗಾಗಿ ನೀನು ಮನೆ ಬಿಟ್ಟೆ ಎಂದು ಆಶ್ಚರ್ಯವಾಯಿತು. ಹೋಳಿಗೆ ಮಾತ್ರ ಅವಳಿಗೆ ಬರುತ್ತದೆ, ಅದನ್ನು ಇಲ್ಲ ಅನ್ನಲಾರೆ.

ಸಂಜೆ ಚಮನಸಾಬರು ನಿನ್ನ ತಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಭೀಮಾ ಹೊಳೆಯ ಕಡೆ ಹೋದರು. ಏನು ಎಸೆದು ಬಂದರು ಎಂದು ನಾನು ಕೇಳಲಿಲ್ಲ. ಬರುವಾಗ ಸೊಂಟ ಉಬ್ಬಿರಲಿಲ್ಲ. ಕರಿ ಅಂಗಿಯನ್ನು ಸೊಸೆ ಒಲೆ ಒರೆಸಲು ತೆಗೆದುಕೊಂಡಿದ್ದಾಳೆ. ಸಂಜೀವ ನನ್ನ ಜೊತೆ ಮಾತಾಡುತ್ತಿಲ್ಲ. ಮಾತು ಬಿಡುವುದನ್ನು ಈ ಮನೆಯಲ್ಲಿ ಕಲಿಸುವ ಅಗತ್ಯವಿಲ್ಲ. ಆದರೆ ಇವತ್ತು ಮಾರ್ಕೆಟ್ಟಿನಲ್ಲಿ ಚೀಲದ ಮೇಲೆ ಕೂತು ಸವಾಲು ಕೂಗಿದನಂತೆ.

ಸಿದರಾಯ ಕಂದಕದ ಮೇಲೆ ಶಹಾಬಾದ ಕಲ್ಲು ಹಾಸಿದ್ದಾನೆ, ಹಾದಿ ಆಗಿದೆ. ಕಲ್ಲು ವಾರೆ ಹಾಸಿದ್ದಾನೆ. ಅದರ ಮೇಲೆ ನಡೆದು ನಿಮ್ಮಪ್ಪನ ಗದ್ದುಗೆಗೆ ಹೋಗಿ ಬಂದೆ. ಎಷ್ಟು ಹತ್ತಿರ ಇದೆ. ನಾವು ಸುತ್ತು ಹೊಡೆದು ಹೊಡೆದು ದೂರ ಎಂದು ತಿಳಿದಿದ್ದೆವು.

ಇನ್ನು ಮನೆಯ ವಿಷಯ. ಆ ಮನೆಯ ಅನ್ನ ಉಂಡವರು ನನ್ನ ಅಡುಗೆಮನೆಯ ಹೊಸ್ತಿಲು ದಾಟಬಾರದು ಎಂದು ಕಟ್ಟು ಹಾಕಿದವಳು ನಾನು. ನಾನು ಉಂಡಿದ್ದೇನೆ. ಅಮಾವಾಸ್ಯೆಯಿಂದ ಪಡಸಾಲೆಯಲ್ಲಿ ಇದ್ದೇನೆ. ಸೊಸೆ ಬಾಗಿಲಲ್ಲಿ ನಿಂತು, "ವೈರ ಮುಗೀತಂದ ಮ್ಯಾಲ ಕಟ್ಟ ಎಲ್ಲೀದ್ರಿ ಅತ್ತಿ, ಒಳಗ ಬರ್ರಿ, ಎಷ್ಟ ಉಪ್ಪ ಹಾಕಲಿ ಅಂತ ಕೂಗಿ ಕೇಳೂದಾಗೇತಿ" ಎಂದು ವಾದಿಸುತ್ತಾಳೆ. ವೈರ ಮುಗಿದದ್ದು ಬೇರೆ, ನಾನು ಹಾಕಿದ ಕಟ್ಟು ಬೇರೆ. ಮಗಳಿಗೊಂದು, ನನಗೊಂದು ಕಟ್ಟು ಮಾಡಿಕೊಳ್ಳಲು ನಾನೇನು ಇಟಲಿಯವಳೇ?

ಪಡಸಾಲೆಯಲ್ಲಿ ಕೂತರೆ ರೊಟ್ಟಿ ಒಲೆಯಿಂದ ತಾಟಿಗೆ ಬರುವಷ್ಟರಲ್ಲಿ ಆರಿರುತ್ತದೆ. ಇದನ್ನು ನೀನು ನನಗೆ ಬರೆದಿರಲಿಲ್ಲ.

ಬರಲೇ ಎಂದು ಕೇಳಿದ್ದೀ. ನಿನ್ನ ಜೊತೆ ಮಾತು ಬಿಟ್ಟಿದ್ದೇನೆ, ಬಿಟ್ಟದ್ದು ಬಿಟ್ಟದ್ದೇ. ಆದರೆ ಉಣ್ಣುವಾಗ ಉಪ್ಪು ಕೇಳುವುದು ಮಾತಲ್ಲ. ನಿನ್ನ ಆ ಅಸುಂತಾಳಿಗೆ ಮೂರನೇ ಭಾಗ ಇದ್ದರೆ, ಬರುವ ಮೊದಲು ಅವಳ ಕೈಯಿಂದ ಸೌಟು ಬಿಡಿಸಿ ಬಾ. ತುಟಿಗೆ ಹೊಂದದಿದ್ದರೂ ಚಿಂತೆಯಿಲ್ಲ.

ಪಡಸಾಲೆಯಲ್ಲಿ ಇನ್ನೊಂದು ತಾಟಿಗೆ ಜಾಗ ಇದೆ.

ಕಾಗದದಲ್ಲಿಯೂ ಈ ಸಲ ಉಳಿದಿದೆ. ಆಶೀರ್ವಾದ.

ನಿನ್ನ ಅವ್ವ,
ಇಂದ್ರಾಬಾಯಿ